ನನ್ನ ಪಾಲಿಗೆ ಬಂದದ್ದು

ತುಮಕೂರು, ಗುಬ್ಬಿ, ಕುಣಿಗಲ್‌ಗಳ ರಂಜಾನನ್ನು ನೆನೆದರೆ ಅಂಗೈಯಗಲದ ಒಂದು ವೇಳಾಪಟ್ಟಿ ಕಣ್ಣಿಗೆ ಬರುತ್ತದೆ. ಬಟ್ಟೆ ಅಂಗಡಿಯವರೋ ಚಿನ್ನದ ಅಂಗಡಿಯವರೋ ತಮ್ಮ ಹೆಸರು ಹಾಕಿಸಿ ಹಂಚುತ್ತಿದ್ದ ಆ ಕಾರ್ಡು ಅಡುಗೆಮನೆಯ ಬಾಗಿಲಿಗೋ ಬೀರುವಿನ ಪಕ್ಕಕ್ಕೋ ಅಂಟಿಕೊಂಡು ಒಂದು ತಿಂಗಳು ಮನೆಯನ್ನು ಆಳುತ್ತಿತ್ತು. ಬೆಂಗಳೂರಿನ ಪಟ್ಟಿ ಕೈಗೆ ಸಿಕ್ಕರೆ ಅದಕ್ಕೆ ಎರಡು ನಿಮಿಷ ಕೂಡಿಸಬೇಕು. ತುಮಕೂರು ಅಷ್ಟು ಪಶ್ಚಿಮಕ್ಕಿದೆ. ಗುಬ್ಬಿಗೆ ಇನ್ನೊಂದು ಅರ್ಧ ನಿಮಿಷ. ಹಸಿದವರಿಗೆ ಈ ಅರ್ಧ ನಿಮಿಷದ ಲೆಕ್ಕ ಹಾಸ್ಯವಲ್ಲ. ಪಟ್ಟಿಯ ಕೆಳಗೆ ಪುಟ್ಟ ಅಕ್ಷರದಲ್ಲಿ ಎರಡು ದುವಾ ಅಚ್ಚಾಗಿರುತ್ತಿದ್ದವು: ನಸುಕಿನ ಊಟವಾದ ಸಹರಿಯ ನೀಯತ್ (ಸಂಕಲ್ಪ) ಒಂದು, ಉಪವಾಸ ಮುರಿಯುವ ಇಫ್ತಾರಿನದು ಇನ್ನೊಂದು. ಖರ್ಜೂರ ಬಾಯಿಗಿಡುವ ಹೊತ್ತಿನ ಆ ಎರಡನೆಯ ದುವಾದಲ್ಲಿ, ನಮ್ಮ ಕಡೆ ರೂಢಿಯಲ್ಲಿರುವ ರೂಪವನ್ನು ನೋಡಿದರೆ, ನಾಲ್ಕು ಸಂಗತಿಗಳಿವೆ. ಉಪವಾಸ ಯಾರಿಗಾಗಿ, ನಂಬಿಕೆ ಯಾರಲ್ಲಿ, ಭಾರ ಯಾರ ಮೇಲೆ, ಈಗ ಮುರಿಯುತ್ತಿರುವ ಅನ್ನ ಯಾರದ್ದು. ಹಸಿವು ಮೊದಲಿಗೆ, ಅನ್ನ ಕೊನೆಗೆ, ನಡುವೆ ನಂಬಿಕೆ ಮತ್ತು ಭರವಸೆ. ಎಷ್ಟೋ ವರ್ಷ ಈ ನಡುವಿನ ಎರಡನ್ನು ಯಾರೂ ಗಮನಿಸದೆ ಹೇಳಿ ಮುಗಿಸುವುದನ್ನು ಕೇಳುತ್ತಲೇ ಬಂದವನಿಗೆ ಈಗ ಅನ್ನಿಸುವುದೇನೆಂದರೆ, ರೋಜಾದ ಬಗ್ಗೆ ನಡೆಯಬೇಕಾದ ದೊಡ್ಡ ಜಗಳವೆಲ್ಲ ಅಲ್ಲೇ ಅಡಗಿದೆ.

ನಡುವಿನ ಆ ಎರಡು ಮಾತುಗಳ ಬಿಡಿಸಿ ಹೇಳಿದ ರೂಪ, ಬೇಡಿಕೆಯಾಗಿ, ಬೇರೊಂದು ಕಡೆ ಸಿಗುತ್ತದೆ. ಪ್ರವಾದಿಯವರ ಮರಿಮೊಮ್ಮಗ, ಇಮಾಮ್ ಹುಸೇನರ ಮಗ ಅಲಿ, ಅಂದರೆ ಜೈನುಲ್ ಆಬಿದೀನ್, ರಂಜಾನ್ ರಾತ್ರಿಗಳ ಕೊನೆಯ ಜಾವದಲ್ಲಿ ಮಾಡುತ್ತಿದ್ದರೆನ್ನುವ ದೀರ್ಘ ಪ್ರಾರ್ಥನೆಯೊಂದಿದೆ. ಅದನ್ನು ಕೇಳಿ ಉಳಿಸಿದವರು ಕೂಫಾದ ಅಬೂ ಹಮ್ಜಾ ಸುಮಾಲಿ; ಹಾಗಾಗಿ ಅದು ಅವರ ಹೆಸರಿನಲ್ಲೇ ಪ್ರಸಿದ್ಧ. 11ನೇ ಶತಮಾನದ ಶೇಖ್ ತೂಸಿಯವರ ಸಂಗ್ರಹದಲ್ಲಿ ಅದು ದಾಖಲಾಗಿದೆ. ಪುಟಗಟ್ಟಲೆ ಸಾಗುವ ಆ ಪ್ರಾರ್ಥನೆ ಮುಗಿಯುವುದು ಬಹಳ ಚಿಕ್ಕ ಕೋರಿಕೆಯಿಂದ. ಎದೆಗೆ ತಾಗುವ ವಿಶ್ವಾಸ ಬೇಕು, ವಿಧಿಸಿದ್ದಲ್ಲದೆ ಬೇರೇನೂ ನನ್ನನ್ನು ಮುಟ್ಟದೆಂಬ ಖಾತ್ರಿ ಬೇಕು, ಬದುಕಿನಲ್ಲಿ ನನ್ನ ಪಾಲಿಗೆ ಹಂಚಿದ್ದರಲ್ಲಿ ತೃಪ್ತಿ ಬೇಕು. ಶಿಯಾ ಮನೆಗಳಲ್ಲಿ ಇದು ಸಹರಿಯ ಹೊತ್ತಿನ ಓದು; ಕರ್ನಾಟಕದಲ್ಲಿ ಶಿಯಾ ಊರೆಂದೇ ಹೆಸರಾದ ಗೌರಿಬಿದನೂರು ತಾಲ್ಲೂಕಿನ ಅಲಿಪುರ ನಮ್ಮ ಜಿಲ್ಲೆಗೆ ದೂರವೇನಲ್ಲ. ತುಮಕೂರು ಸೀಮೆಯ ಮುಸ್ಲಿಮರಲ್ಲಿ ಬಹುಪಾಲು ಸುನ್ನಿಗಳು, ದಖ್ಖನಿ ಮಾತಾಡುವವರು. ಅವರಿಗೂ ಈ ಕೋರಿಕೆ ಹೊರಗಿನದಲ್ಲ, ಏಕೆಂದರೆ ಕೆಲವು ಸುನ್ನಿ ಸಂಗ್ರಹಗಳಲ್ಲಿ ಇದೇ ಅರ್ಥದ ದುವಾ ಆದಮರದ್ದೆಂದು ಬಂದಿದೆ. ಸ್ವರ್ಗದಿಂದ ಇಳಿದು ಬಂದು ಮೊದಲ ಬಾರಿಗೆ ಬೆವರು ಸುರಿಸಿ ಉಣ್ಣಬೇಕಾಗಿ ಬಂದವನು ಕೇಳಿದ್ದೂ ಇದನ್ನೇ ಎಂಬ ಕಲ್ಪನೆಯಲ್ಲಿ ಒಂದು ಔಚಿತ್ಯವಿದೆ.

ನನ್ನ ವಾದ ಸರಳ. ತೃಪ್ತಿಯನ್ನು ಬೇಡುವ ಈ ದುವಾ ಬಡವರ ಬಾಯಿಗೆ ಹಾಕಿದ ಬೀಗವಲ್ಲ. ಅದು ಮೊದಲು ಕಟ್ಟಿಹಾಕುವುದು ಉಳ್ಳವರನ್ನು. ಆದರೆ ಇದನ್ನು ಹೇಳುವ ಮುಂಚೆ ಎದುರು ಪಕ್ಷದ ಮಾತನ್ನು ಅದರ ಪೂರ್ತಿ ಬಲದೊಂದಿಗೆ ಕೇಳಿಸಿಕೊಳ್ಳಬೇಕು, ಏಕೆಂದರೆ ಅದಕ್ಕೆ ನಮ್ಮ ಮೂರೂ ಊರುಗಳಲ್ಲಿ ಸಾಕ್ಷಿಯಿದೆ. ತುಮಕೂರಿನಲ್ಲಿ ರೋಜಾ ಹಿಡಿದು ಬೀಡಿ ಕಟ್ಟುವ ಹೆಂಗಸರಿಗೆ ಕೂಲಿ ಸಾವಿರ ಬೀಡಿಯ ಲೆಕ್ಕದಲ್ಲಿ. ಬೀಡಿ ಕಾರ್ಮಿಕರಿಗಾಗಿ 1966ರಲ್ಲಿ ಒಂದು ಕಾಯಿದೆ, 1976ರಲ್ಲಿ ಕಲ್ಯಾಣ ನಿಧಿಗೆ ಇನ್ನೊಂದು ಬಂದರೂ ಮನೆಯ ಜಗುಲಿಯಲ್ಲಿ ಮೊರ ಮಡಿಲಲ್ಲಿಟ್ಟುಕೊಂಡು ಕೂತವರ ಲೆಕ್ಕ ಗುತ್ತಿಗೆದಾರನ ಪುಸ್ತಕದಲ್ಲೇ ಉಳಿಯುವುದು ಹೆಚ್ಚು. ಗುಬ್ಬಿಯ ಕಡೆ 2000ದಿಂದ 2006ರವರೆಗೆ ರಂಜಾನ್ ಬಂದದ್ದು ಸೆಪ್ಟೆಂಬರ್ ಕೊನೆಯಿಂದ ಡಿಸೆಂಬರ್ ಒಳಗೆ, ಅಡಿಕೆ ಕೊಯ್ದು ಸುಲಿದು ಬೇಯಿಸುವ ತಿಂಗಳುಗಳಲ್ಲಿ. ಕೂಲಿಗೆ ಹೋದವರು ಬೇಯುವ ಹಂಡೆಯ ಪಕ್ಕದಲ್ಲೇ ಬಾಯಾರಿ ನಿಂತ ಕಾಲ ಅದು. ತುಮಕೂರಿನಿಂದ ಬೆಂಗಳೂರಿಗೆ ದಿನವೂ ರೈಲು ಹಿಡಿಯುವವರ ಪಾಡು ಇನ್ನೊಂದು. ಪ್ರಯಾಣಿಕರಿಗೆ ರೋಜಾದಿಂದ ವಿನಾಯಿತಿಯಿದೆ, ಆದರೆ ಹನಫಿ ಲೆಕ್ಕದಲ್ಲಿ ಪ್ರಯಾಣವೆನಿಸಿಕೊಳ್ಳಲು ಸುಮಾರು 77 ಕಿ.ಮೀ. ಆಗಬೇಕು. ಬೆಂಗಳೂರಿನಿಂದ ತುಮಕೂರಿಗೂ ಕುಣಿಗಲ್‌ಗೂ ಸುಮಾರು 70! ಹೀಗೆ ಬೆವರುವವರಿಗೆ, ಹಂಚಿದ್ದರಲ್ಲಿ ತೃಪ್ತಿ ಪಡು ಎಂದು ದಿನಕ್ಕೊಮ್ಮೆ ಹೇಳಿಸುವ ಧರ್ಮ ಕೂಲಿ ಕದಿಯುವವನಿಗೆ ಅನುಕೂಲ ಮಾಡಿಕೊಡುವುದಿಲ್ಲವೇ ಎಂಬ ಪ್ರಶ್ನೆ ಎಡಪಂಥೀಯರ ಪುಸ್ತಕದಿಂದ ಬಂದದ್ದಾಗಿರಬೇಕಿಲ್ಲ. ಬೀಡಿ ಸುರುಳುವ ಕೈಗೇ ಅದು ತೋಚಬಲ್ಲದು.

ಈ ಪ್ರಶ್ನೆಗೆ ಮೊದಲ ಉತ್ತರ ಆ ಪ್ರಾರ್ಥನೆಯ ಕರ್ತೃವಿನ ಬದುಕಿನಲ್ಲಿದೆ. ಮೊಹರಂ ಅನ್ನು ಬಾಬಯ್ಯನ ಹಬ್ಬವೆಂದು ಕರೆದು ಹಿಂದೂಗಳೂ ಹರಕೆ ಹೊರುವ ನಮ್ಮ ಸೀಮೆಯಲ್ಲಿ ಕರ್ಬಲಾದ ಕಥೆ ಯಾರಿಗೂ ಹೊಸದಲ್ಲ. ಕ್ರಿ.ಶ. 680ರ ಆ ದಿನ ಕಾಯಿಲೆ ಬಿದ್ದು ಡೇರೆಯಲ್ಲಿ ಮಲಗಿದ್ದರಿಂದ ಕಾಳಗಕ್ಕೆ ಇಳಿಯಲಾಗದೆ ಉಳಿದುಕೊಂಡ ಮಗನೇ ಜೈನುಲ್ ಆಬಿದೀನ್. ತಂದೆ, ಅಣ್ಣತಮ್ಮಂದಿರು, ನೆಂಟರು ಎಲ್ಲರನ್ನೂ ಕಳೆದುಕೊಂಡು, ಸಂಕೋಲೆ ಹೊತ್ತು ದಮಾಸ್ಕಸ್‌ಗೆ ಹೋದವರು. ಅಲ್ಲಿ ಯಜೀದನ ದರ್ಬಾರಿನಲ್ಲಿ ತಲೆತಗ್ಗಿಸಿ ನಿಲ್ಲದೆ, ತಾನು ಯಾರ ಮಗ, ಕೊಂದದ್ದು ಯಾರನ್ನು ಎಂದು ಎಲ್ಲರೆದುರು ಮಾತಾಡಿದರೆಂದು ಪರಂಪರೆ ಹೇಳುತ್ತದೆ. ತನ್ನ ಪಾಲಿಗೆ ಬಂದದ್ದರಲ್ಲಿ ತೃಪ್ತಿ ಕೊಡೆಂದು ಕೇಳಿದ ಬಾಯಿ ಅದೇ. ಅನ್ಯಾಯವನ್ನು ಅನ್ಯಾಯವೆಂದು ಕರೆಯುವುದಕ್ಕೆ ಆ ತೃಪ್ತಿ ಅಡ್ಡಿಯಾಗಲಿಲ್ಲ. ಮುಂದೆ ಮದೀನದಲ್ಲಿ ಅವರು ರಾತ್ರಿ ಹೊತ್ತು ಹಿಟ್ಟಿನ, ರೊಟ್ಟಿಯ ಮೂಟೆಯನ್ನು ತಾವೇ ಬೆನ್ನ ಮೇಲೆ ಹೊತ್ತು ಬಡವರ ಬಾಗಿಲಲ್ಲಿ ಇಟ್ಟು ಬರುತ್ತಿದ್ದರಂತೆ. ಕ್ರಿ.ಶ. 713ರ ಸುಮಾರಿಗೆ ಅವರು ತೀರಿಕೊಂಡಾಗ ಮೈ ತೊಳೆಯುವವರಿಗೆ ಬೆನ್ನಿನಲ್ಲಿ ಜಡ್ಡುಗಟ್ಟಿದ ಗುರುತು ಕಂಡಿತೆಂದೂ, ಮೂಟೆ ಬರುವುದು ನಿಂತಾಗಲೇ ತಮಗೆ ಅನ್ನ ಕೊಡುತ್ತಿದ್ದವರು ಯಾರೆಂದು ಎಷ್ಟೋ ಮನೆಗಳಿಗೆ ತಿಳಿಯಿತೆಂದೂ ಸುನ್ನಿ, ಶಿಯಾ ಇಬ್ಬರ ಚರಿತ್ರೆಕಾರರೂ ಬರೆದಿದ್ದಾರೆ. ಇದನ್ನು ಭಕ್ತರ ಉತ್ಪ್ರೇಕ್ಷೆ ಎನ್ನುವವರು ಅನ್ನಲಿ. ಆದರೆ ಈ ಪ್ರಾರ್ಥನೆಯನ್ನು ಉಳಿಸಿಕೊಂಡು ಬಂದ ಜನ ಅದರ ಅರ್ಥವನ್ನು ಹೇಗೆ ಗ್ರಹಿಸಿದ್ದರು ಎಂಬುದಕ್ಕೆ ಇದು ಸಾಕ್ಷಿ. ತನ್ನ ಪಾಲಿನ ಬಗ್ಗೆ ತಕರಾರಿಲ್ಲ, ಪಕ್ಕದ ಮನೆಯ ಪಾಲಿನ ಬಗ್ಗೆ ನಿದ್ದೆಯಿಲ್ಲ. ಆ ಕೋರಿಕೆಯಲ್ಲಿ ‘ನನಗೆ’ ಬಿಟ್ಟು ಬೇರೆ ಯಾರ ಪ್ರಸ್ತಾಪವೂ ಇಲ್ಲ. ಒಬ್ಬ ಸಾಹುಕಾರ ತನ್ನ ಕೂಲಿಯವನಿಗಾಗಿ ಇದನ್ನು ಬೇಡಿಕೊಟ್ಟರೆ ಅದು ದುವಾ ಆಗುವುದಿಲ್ಲ, ಹುಕುಂ ಆಗುತ್ತದೆ.

ಎರಡನೆಯ ಉತ್ತರ ಲೆಕ್ಕದ್ದು. ನನಗೆ ಹಂಚಿದ್ದು ಎಂದರೆ ಎಷ್ಟು? ನನ್ನ ಕೈಯಲ್ಲಿರುವುದೆಲ್ಲ ನನ್ನ ಪಾಲೇ? ಅಲ್ಲ ಎನ್ನುತ್ತದೆ ಕುರ್‌ಆನ್. ಉಳ್ಳವರ ಸೊತ್ತಿನಲ್ಲಿ ಕೇಳುವವನಿಗೂ ವಂಚಿತನಿಗೂ ಹಕ್ಕಿದೆ ಎಂಬ ಮಾತು ಅದರಲ್ಲಿ ಎರಡು ಕಡೆ ಬರುತ್ತದೆ. ಆ ಹಕ್ಕಿಗೆ ಅಳತೆಯೂ ಉಂಟು. 87.48 ಗ್ರಾಂ ಚಿನ್ನ ಅಥವಾ 612.36 ಗ್ರಾಂ ಬೆಳ್ಳಿಯ ಬೆಲೆಯಷ್ಟು ಉಳಿತಾಯ ಒಂದು ವರ್ಷ ಕೈಯಲ್ಲಿದ್ದರೆ ಅದರಲ್ಲಿ ನೂರಕ್ಕೆ ಎರಡೂವರೆ ಜಕಾತ್. ನಮ್ಮ ಊರುಗಳಲ್ಲಿ ಹೆಚ್ಚಿನವರು ಇದನ್ನು ತೆಗೆದಿಡುವುದು ರಂಜಾನಿನಲ್ಲೇ. ಜೊತೆಗೆ ಫಿತ್ರಾ: ಮನೆಯ ಯಜಮಾನ ತನ್ನ ಮತ್ತು ತನ್ನ ಮಕ್ಕಳ ತಲೆಗೊಂದರಂತೆ ಸುಮಾರು ಒಂದೂಮುಕ್ಕಾಲು ಕೆ.ಜಿ. ಗೋಧಿಯ ಬೆಲೆಯನ್ನು ಈದ್ ನಮಾಜಿಗೆ ಮುಂಚೆ ಬಡವರಿಗೆ ಮುಟ್ಟಿಸಬೇಕು. ಹಾಗಾದರೆ ಮಂಡಿಪೇಟೆಯ ವರ್ತಕನೊಬ್ಬ ಇಫ್ತಾರಿನಲ್ಲಿ ಕೂತು ನನ್ನ ಪಾಲಿನಲ್ಲಿ ನನಗೆ ತೃಪ್ತಿ ಕೊಡು ಎಂದು ಬೇಡುವಾಗ, ತನ್ನ ಗಲ್ಲಾದಲ್ಲಿರುವ ಒಂದಷ್ಟು ಹಣ ತನ್ನ ಪಾಲಲ್ಲ ಎಂದು ಒಪ್ಪಿಕೊಂಡೇ ಬೇಡುತ್ತಿದ್ದಾನೆ. ಅದನ್ನು ಕೊಡದೆ ಇಟ್ಟುಕೊಂಡವನ ಬಾಯಲ್ಲಿ ಈ ದುವಾ ಸುಳ್ಳಾಗುತ್ತದೆ. ಕೂಲಿಯವನ ಕೂಲಿ ತಡೆಹಿಡಿದವನ ಬಾಯಲ್ಲಿ ಇನ್ನೂ ದೊಡ್ಡ ಸುಳ್ಳು. ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂಬ ಹದೀಸನ್ನು ಜುಮಾ ಭಾಷಣಗಳಲ್ಲಿ ಕೇಳದ ಮುಸ್ಲಿಮನಿಲ್ಲ. ಬೀಡಿ ಕಟ್ಟುವವಳು ಕಾಯಿದೆ ಪ್ರಕಾರದ ಕೂಲಿ ಕೇಳಿದರೆ ಅವಳು ತನಗೆ ಹಂಚಿದ್ದಕ್ಕಿಂತ ಹೆಚ್ಚೇನೂ ಕೇಳುತ್ತಿಲ್ಲ. ಅವಳ ಪಾಲು ಇನ್ನೊಬ್ಬನ ಬಳಿ ಸಿಕ್ಕಿಕೊಂಡಿದೆ, ಅಷ್ಟೆ.

ಕನ್ನಡದವರಿಗೆ ಈ ತರ್ಕ ಅಪರಿಚಿತವಾಗಿ ಕಾಣಬೇಕಾಗಿಲ್ಲ. ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಇದು ನಮ್ಮ ಪಾಲಲ್ಲವೆಂದು ಹೇಳಿ ಅಲ್ಲೇ ಸುರಿದು ಬರಲು ಕಳಿಸಿದ ಅವನ ಹೆಂಡತಿ, ವಚನಕಾರ್ತಿ ಲಕ್ಕಮ್ಮನ ಕಥೆ ನಮಗೆ ಗೊತ್ತು. ಅವಳ ತೃಪ್ತಿ ಬಡತನವನ್ನು ಹೊಗಳುವುದಿಲ್ಲ. ಮಿಗುತಾಯದ ಮೇಲೆ ಕಣ್ಣಿಡುತ್ತದೆ. ಕುಣಿಗಲ್ ತಾಲ್ಲೂಕಿನ ಕಗ್ಗೆರೆಯಲ್ಲಿ ತಪಸ್ಸು ಮಾಡಿ ಎಡೆಯೂರಿನಲ್ಲಿ ನೆಲೆನಿಂತ ತೋಂಟದ ಸಿದ್ಧಲಿಂಗರ ಪರಂಪರೆ ವಚನಗಳನ್ನು ಮತ್ತೆ ಜೀವಂತಗೊಳಿಸಿದ ಸೀಮೆಯಲ್ಲಿ, ಸಿದ್ಧಗಂಗೆಯ ದಾಸೋಹದ ಒಲೆ ಆರದ ಊರಿನಲ್ಲಿ, ಮಸೀದಿಯ ರಂಜಾನ್ ಗಂಜಿಗೆ ಪಾತ್ರೆ ಹಿಡಿದು ನಿಂತ ಸಾಲನ್ನು ಕಂಡು ಯಾರಿಗೂ ಆಶ್ಚರ್ಯವಾಗುತ್ತಿರಲಿಲ್ಲ. ಅಕ್ಕಿ, ಬೇಳೆ, ಮಸಾಲೆ, ಅದೃಷ್ಟವಿದ್ದ ದಿನ ಒಂದಿಷ್ಟು ಕೈಮಾ. ಆ ಗಂಜಿಯಲ್ಲಿ ಗಮನಿಸಬೇಕಾದ ಸಂಗತಿ ರುಚಿಯದಲ್ಲ (ರುಚಿಯೂ ಇದೆ, ಈರುಳ್ಳಿ ಕರಿದು ಹಾಕಿದ ದಿನವಂತೂ). ಒಂದೇ ಹಂಡೆಯಿಂದ ಸೌಟಿಗೆ ಬಂದಷ್ಟು ಎಲ್ಲರ ಡಬ್ಬಿಗೂ ಬೀಳುತ್ತಿತ್ತು. ಮಾಳಿಗೆ ಮನೆಯ ಹುಡುಗನ ಡಬ್ಬಿಗೂ ಶೀಟಿನ ಮನೆಯ ಹುಡುಗನ ಡಬ್ಬಿಗೂ. ಹಂಚಿಕೆ ಕಣ್ಣೆದುರು ನಡೆದಾಗ ತೃಪ್ತಿ ಕಷ್ಟವಾಗುವುದಿಲ್ಲ. ಅದು ಕಷ್ಟವಾಗುವುದು ಹಂಚುವ ಕೈ ಕಾಣದಾದಾಗ.

ವಿಧಿಸಿದ್ದಲ್ಲದೆ ಬೇರೇನೂ ಮುಟ್ಟದು ಎಂಬ ಖಾತ್ರಿಯ ಬಗ್ಗೆ ಇನ್ನೊಂದು ಆಕ್ಷೇಪವಿದೆ, ಇದು ಹೆಚ್ಚು ಗಂಭೀರವಾದದ್ದು. ಎಲ್ಲ ಬರೆದಿಟ್ಟಂತೆಯೇ ಆಗುವುದಾದರೆ ಔಷಧವೇಕೆ, ಶಾಲೆಯೇಕೆ, ಉಳಿತಾಯವೇಕೆ? ಹೀಗೆ ಕೈಚೆಲ್ಲುವವರನ್ನು ನಾವೆಲ್ಲ ಕಂಡಿದ್ದೇವೆ, ‘ನಸೀಬು’ ಎಂದು ಒಂದೇ ಮಾತಿನಲ್ಲಿ ಮಗಳ ಓದು ನಿಲ್ಲಿಸುವವರನ್ನೂ ಕಂಡಿದ್ದೇವೆ. ಆದರೆ ಆ ಪರಂಪರೆಯೊಳಗೇ ಇದಕ್ಕೆ ಕೊಟ್ಟ ಉತ್ತರ ಹಳೆಯದು. ಕ್ರಿ.ಶ. 639ರ ಸುಮಾರಿನಲ್ಲಿ ಖಲೀಫ ಉಮರರು ಸಿರಿಯಾದ ದಾರಿಯಲ್ಲಿದ್ದಾಗ ಅಲ್ಲಿ ಪಿಡುಗು ಹಬ್ಬಿದೆಯೆಂದು ತಿಳಿದು ಹಿಂತಿರುಗಲು ನಿರ್ಧರಿಸಿದರು. ದೇವರ ವಿಧಿಯಿಂದ ಓಡಿಹೋಗುತ್ತಿದ್ದೀರಾ ಎಂದು ಸೇನಾನಿ ಅಬೂ ಉಬೈದಾ ಕೇಳಿದಾಗ, ದೇವರ ಒಂದು ವಿಧಿಯಿಂದ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿದ್ದೇವೆ ಎಂಬರ್ಥದ ಮಾತು ಹೇಳಿದರು. 2020ರ ರಂಜಾನ್ ಬಂದದ್ದು ಏಪ್ರಿಲ್ ಕೊನೆಯಲ್ಲಿ, ಲಾಕ್‌ಡೌನಿನ ನಡುವೆ. ರಾತ್ರಿಯ ತರಾವೀಹ್ ನಮಾಜು ಮನೆಯಲ್ಲೇ ಆಯಿತು, ಸಾಮೂಹಿಕ ಇಫ್ತಾರ್ ನಿಂತಿತು, ಈದ್ಗಾ ಮೈದಾನ ಖಾಲಿ ಉಳಿಯಿತು. ಬೀಡಿ ಎಲೆ ಬರಲಿಲ್ಲ, ಆಟೋ ಓಡಲಿಲ್ಲ, ಕೂಲಿ ಇರಲಿಲ್ಲ. ದಿನಕ್ಕೆ ಹದಿನಾಲ್ಕು ಗಂಟೆ ಹಸಿದಿರುವವರಿಗೂ ಸಂಜೆ ತಿನ್ನಲು ಏನಿದೆಯೆಂಬ ಪ್ರಶ್ನೆ ಹುಟ್ಟಿದ ತಿಂಗಳು ಅದು. ಆಗಲೂ ಆ ದುವಾ ಹೇಳಲಾಯಿತು, ಮತ್ತು ಅದನ್ನು ಹೇಳಿದ ಜನವೇ ಗಲ್ಲಿಗಳಲ್ಲಿ ರೇಷನ್ ಕಿಟ್ಟು ಕಟ್ಟಿ ಹೊತ್ತರು, ಜಾತಿ ನೋಡದೆ ಕೊಟ್ಟರು, ಪಡೆದರು. ವಿಧಿಯನ್ನು ನಂಬಿದವರು ಕೈಕಟ್ಟಿ ಕೂರುತ್ತಾರೆಂಬ ಸಿದ್ಧಾಂತಕ್ಕೆ ಆ ತಿಂಗಳು ಒಳ್ಳೆಯ ಸಾಕ್ಷಿಯೇನಲ್ಲ. ಮೊದಲು ಒಂಟೆಯನ್ನು ಕಟ್ಟು, ಆಮೇಲೆ ದೇವರ ಮೇಲೆ ಭಾರ ಹಾಕು ಎಂಬರ್ಥದ ಹದೀಸು ಪ್ರಸಿದ್ಧ. ಟಿಪ್ಪುವಿನ ಕಾಲದಿಂದ ಕುದುರೆ ಸಾಕಿದ ಕುಣಿಗಲ್‌ನವರಿಗೆ ಒಂಟೆಯ ಉದಾಹರಣೆ ಬೇಕಾಗಿಯೂ ಇಲ್ಲ. ಕಟ್ಟದ ಕುದುರೆ ಬೆಳಿಗ್ಗೆ ಎಲ್ಲಿರುತ್ತದೆಂದು ಅವರಿಗೆ ಗೊತ್ತು. ಪ್ರವಾದಿಯವರು ಬಡತನದಿಂದಲೂ ಹಸಿವಿನಿಂದಲೂ ರಕ್ಷಣೆ ಬೇಡಿದ ದುವಾಗಳೂ ಹದೀಸ್ ಗ್ರಂಥಗಳಲ್ಲಿವೆ. ಹಸಿವನ್ನು ಕೆಟ್ಟ ಸಂಗಾತಿಯೆಂದು ಕರೆದವರು ಹಸಿವಿನಲ್ಲಿ ಸುಖಪಡಲು ಕಲಿಸಿದರೆನ್ನುವುದು ಹೇಗೆ ಹೊಂದುತ್ತದೆ?

ಮೂರನೆಯ ಆಕ್ಷೇಪ ಮನೆಯೊಳಗಿನದು, ಮಸೀದಿಯ ಮೆಟ್ಟಿಲ ಮೇಲೆ ಪ್ರತಿ ವರ್ಷ ಕೇಳಿಬರುವಂಥದ್ದು. ಕಾರ್ಡಿನ ಮೇಲೆ ಅಚ್ಚಾಗುವ ಇಫ್ತಾರ್ ದುವಾದಲ್ಲಿ ನಂಬಿಕೆ ಮತ್ತು ಭರವಸೆಯ ಎರಡು ಮಾತುಗಳು ಮೂಲದಲ್ಲಿಲ್ಲ, ಅಬೂ ದಾವೂದರ ಸಂಗ್ರಹದಲ್ಲಿ ಬಂದಿರುವುದು ಉಪವಾಸ ಮತ್ತು ಅನ್ನದ ಮಾತುಗಳು ಮಾತ್ರ, ಅದರ ವರದಿಯ ಸರಪಣಿಯಲ್ಲೂ ಲೋಪವಿದೆ ಎನ್ನುತ್ತಾರೆ ಅಹ್ಲೆ ಹದೀಸ್ ಗೆಳೆಯರು. ಅವರು ಹೇಳುವುದು ಸರಿ. ಹನಫಿ ವಿದ್ವಾಂಸರಾದ ಮುಲ್ಲಾ ಅಲಿ ಖಾರಿ ಕೂಡ ಈ ಸೇರ್ಪಡೆಗೆ ಹದೀಸಿನ ಆಧಾರವಿಲ್ಲವೆಂದಿದ್ದರು. ಹಾಗಾಗಿ ಅದನ್ನು ಪ್ರವಾದಿಯವರ ಮಾತೆಂದು ಅಚ್ಚು ಹಾಕಿಸುವುದು ತಪ್ಪು. ಆದರೆ ಸ್ವಂತ ಮಾತಿನಲ್ಲಿ ದೇವರನ್ನು ಬೇಡಲು ಯಾವ ಪಂಥದಲ್ಲೂ ಅಡ್ಡಿಯಿಲ್ಲ. ಈ ಸೇರ್ಪಡೆ ನನ್ನ ವಾದವನ್ನು ಗಟ್ಟಿಗೊಳಿಸುತ್ತದೆಯೇ ಹೊರತು ಕೆಡಿಸುವುದಿಲ್ಲ. ಹೆಸರು ತಿಳಿಯದ ಯಾರೋ, ಯಾವುದೋ ಕಾಲದಲ್ಲಿ, ಹಸಿವಿಗೂ ಅನ್ನಕ್ಕೂ ನಡುವೆ ಏನೋ ಬಿಟ್ಟುಹೋಗಿದೆಯೆಂದು ಕಂಡುಕೊಂಡರು. ನಂತರದ ಕೋಟ್ಯಂತರ ಜನ ಅದನ್ನು ಉಳಿಸಿಕೊಂಡರು. ಕುರ್‌ಆನಿನ ಎರಡನೆಯ ಅಧ್ಯಾಯದಲ್ಲಿ ರೋಜಾದ ನಿಯಮಗಳು 183ರಿಂದ 187ನೇ ಸೂಕ್ತದವರೆಗೆ ಸಾಗುವಾಗ ನಡುವೆ 186ರಲ್ಲಿ ಉಪವಾಸದ ಸುದ್ದಿಯೇ ಬಿಟ್ಟು, ಬೇಡುವವನ ಕೂಗನ್ನು ದೇವರು ಹತ್ತಿರದಿಂದ ಕೇಳುತ್ತಾನೆಂಬ ಮಾತು ಬರುತ್ತದೆ. ಅರ್ಥ ತಿಳಿಯದೆ ಅರಬ್ಬಿಯಲ್ಲಿ ಗೊಣಗುವುದರಿಂದ ಏನು ಪ್ರಯೋಜನ ಎಂಬ ಮಾತಿಗೆ ಮಾತ್ರ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಕನ್ನಡದಲ್ಲೂ ದಖ್ಖನಿಯಲ್ಲೂ ಅರ್ಥ ಅಚ್ಚು ಹಾಕಿಸಬಹುದಲ್ಲ, ಅಂಗಡಿಯ ಜಾಹೀರಾತನ್ನು ಎರಡು ಬೆರಳು ಕಿರಿದು ಮಾಡಿ.

ರಂಜಾನ್ ಸಂಜೆಯ ಪೇಟೆಯನ್ನು ತೋರಿಸಿ, ತೃಪ್ತಿ ಎಲ್ಲಿದೆ ಎಂದು ನಗುವವರೂ ಇದ್ದಾರೆ. ಹಗಲು ಹಸಿದು ರಾತ್ರಿ ಎರಡರಷ್ಟು ತಿನ್ನುವ ತಿಂಗಳೆಂಬುದು ಅರ್ಧ ನಿಜ. ರಾಜಕಾರಣಿಗಳ ಇಫ್ತಾರ್ ಕೂಟಗಳ ವಿಷಯದಲ್ಲಿ ಮುಕ್ಕಾಲು ನಿಜ. ಇದು ದುವಾದ ಮೇಲಿನ ಆಕ್ಷೇಪವಲ್ಲ, ನಮ್ಮ ಮೇಲಿನದು. ಮುಂದೆ ಹೋಗೋಣ.

ಏಕೆಂದರೆ ನಿಜವಾಗಿ ಕಾಡುವ ಆಕ್ಷೇಪ ಇನ್ನೂ ಉಳಿದಿದೆ. ಸಹರಿಗೆ ಎಲ್ಲರಿಗಿಂತ ಒಂದು ಗಂಟೆ ಮುಂಚೆ ಏಳುವವಳು, ರೋಜಾದಲ್ಲೇ ಮಧ್ಯಾಹ್ನವಿಡೀ ಒಲೆ ಮುಂದೆ ನಿಲ್ಲುವವಳು, ಬಾಂಗ್ ಕೇಳಿದಾಗ ಕೊನೆಗೆ ಬಂದು ಕೂರುವವಳು ಹೆಂಗಸು. ಸಬರ್ ಮಾಡು, ನಿನಗೆ ಹಂಚಿದ್ದು ಇಷ್ಟೇ ಎಂಬ ಉಪದೇಶ ಅತಿ ಹೆಚ್ಚು ಬೀಳುವುದೂ ಅವಳ ಕಿವಿಗೇ. ತನಗಾಗಿ ಮಾತ್ರ ಬೇಡಬೇಕಾದ ದುವಾವನ್ನು ಇನ್ನೊಬ್ಬರ ಮೇಲೆ ಹೇರುವ ಅಪರಾಧ ನಮ್ಮಲ್ಲಿ ಎಲ್ಲಕ್ಕಿಂತ ಹೆಚ್ಚು ನಡೆದಿರುವುದು ಮನೆಯೊಳಗೆ, ಗಂಡಂದಿರಿಂದ. ಹಾಸನದ ಬಾನು ಮುಷ್ತಾಕ್ ಬರೆದ ಕಥೆಗಳಲ್ಲಿ ಉರಿಯುವುದು ಇದೇ. ಅವರ ಸಂಕಲನ ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದದಲ್ಲಿ 2025ರ ಅಂತಾರಾಷ್ಟ್ರೀಯ ಬೂಕರ್ ಪಡೆದಾಗ ಲೋಕ ಕೇಳಿಸಿಕೊಂಡದ್ದು ನಮ್ಮ ಅಡುಗೆಮನೆಗಳ ತಕರಾರನ್ನು. ಅವುಗಳಲ್ಲೊಂದು ಕಥೆಯ ಹೆಸರು ‘ಒಮ್ಮೆ ಹೆಣ್ಣಾಗು ಪ್ರಭುವೇ’. ಅದೂ ಒಂದು ಪ್ರಾರ್ಥನೆ, ತೃಪ್ತಿಯನ್ನು ಬೇಡದ ಪ್ರಾರ್ಥನೆ. ಧರ್ಮನಿಷ್ಠರಲ್ಲಿ ಕೆಲವರು ಇದನ್ನು ಧಿಕ್ಕಾರವೆಂದು ಓದುತ್ತಾರೆ, ಆದರೆ ಹಾಗೆ ಓದುವವರು ಕುರ್‌ಆನಿನ 58ನೇ ಅಧ್ಯಾಯದ ಮೊದಲ ಸೂಕ್ತವನ್ನು ಮರೆತಿರಬೇಕು. ಗಂಡನ ವಿರುದ್ಧ ಪ್ರವಾದಿಯವರ ಬಳಿ ವಾದಿಸಿ ದೇವರಲ್ಲೇ ದೂರು ಹೇಳಿಕೊಂಡ ಹೆಣ್ಣೊಬ್ಬಳ ಮಾತನ್ನು ದೇವರು ಕೇಳಿಸಿಕೊಂಡನೆಂದೇ ಆ ಅಧ್ಯಾಯ ಶುರುವಾಗುತ್ತದೆ. ಆಕೆ ಖೌಲಾ ಎಂದು ಪರಂಪರೆ. ಗಂಡ ಔಸ್, ನೀನು ನನಗೆ ತಾಯಿಯಂತೆ ಎಂಬ ಅರಬರ ಹಳೆಯ ಆಣೆ ಹಾಕಿ, ಅವಳನ್ನು ಹೆಂಡತಿಯಾಗಿಯೂ ಇಟ್ಟುಕೊಳ್ಳದೆ ಬಿಡುಗಡೆಯನ್ನೂ ಕೊಡದೆ ಅತಂತ್ರಳಾಗಿಸಿದ್ದ. ಅವಳು ತೃಪ್ತಳಾಗಿ ಮನೆಗೆ ಹೋಗಲಿಲ್ಲ, ತೀರ್ಪು ಬರುವ ತನಕ ಬಿಡಲಿಲ್ಲ. ಬಂದ ತೀರ್ಪು ಆ ಆಣೆಯನ್ನೇ ಖಂಡಿಸಿತು, ಹಾಗೆ ನುಡಿದ ಗಂಡನಿಗೆ ಪ್ರಾಯಶ್ಚಿತ್ತ ವಿಧಿಸಿತು: ಒಬ್ಬ ಗುಲಾಮನ ಬಿಡುಗಡೆ; ಅದಾಗದಿದ್ದರೆ ಎಡೆಬಿಡದೆ ಎರಡು ತಿಂಗಳ ರೋಜಾ; ಅದೂ ಆಗದಿದ್ದರೆ ಅರವತ್ತು ಬಡವರಿಗೆ ಊಟ. ಔಸ್ ಮುದುಕ, ರೋಜಾ ಅವನ ಕೈಲಾಗುವುದಿಲ್ಲವೆಂದು ಹೇಳಿದ್ದೂ ಖೌಲಾಳೇ. ಕೊನೆಗೆ ಪ್ರವಾದಿಯವರು ಖರ್ಜೂರ ಕೊಟ್ಟು ನೆರವಾದರು. ಸಾಲದ್ದನ್ನು ತಾನು ಸೇರಿಸುವೆನೆಂದು ಅವಳು ಒಪ್ಪಿಕೊಂಡಳು, ಅರವತ್ತು ಜನರ ಊಟದ ಲೆಕ್ಕ ತುಂಬಿತು.